ಅಭಯಾರಣ್ಯದ ಗಡಿಯಲ್ಲಿ ಐಷಾರಾಮಿ ರೆಸಾರ್ಟ್: ಆಕ್ಷೇಪಣೆ ಎಲ್ಲಿ ಹಾಕಬೇಕು, ಯಾವಾಗ?

ತೋಡಿನ_ಬದಿ (ಪ್ರಶ್ನೆ)

ಹೆಬ್ರಿ ತಾಲೂಕಿನ ಒಂದು ಗ್ರಾಮ, ಹೆಸರು ಸದ್ಯಕ್ಕೆ ಬೇಡ. ಸೋಮೇಶ್ವರ ಅಭಯಾರಣ್ಯದ ಗಡಿಕಲ್ಲಿಗೆ ತಾಗಿದ ಹಾಗೆ ಒಂದು ಜಾಗ ಮಾರಾಟವಾಗಿದೆ. ವರ್ಗ ಜಾಗ (ಖಾಸಗಿ ಪಟ್ಟಾ ಜಾಗ) ಏಳು ಎಕರೆ. ಆದರೆ ಬೋರ್ಡಿನಲ್ಲಿ 12 ಎಕರೆ ಎಂದು ಹಾಕಿದ್ದಾರೆ, ಉಳಿದ ಐದು ಎಕರೆ ಕುಮ್ಕಿ (ವರ್ಗ ಜಾಗಕ್ಕೆ ತಾಗಿದ ಸರಕಾರಿ ಜಾಗ) ಇರಬೇಕು. 40 ವಿಲ್ಲಾ, ಒಂದು ಈಜುಕೊಳ, ಮದುವೆಗಳಿಗೆ ಹುಲ್ಲುಹಾಸು, ಕಾಡು ಕಾಣುವ ಹಾಗೆ ಗಾಜಿನ ರೆಸ್ಟೋರೆಂಟು, ಇದು ಯೋಜನೆ. ಗುಡ್ಡದ ಕಾಲುದಾರಿಯನ್ನು ಜೆಸಿಬಿಯಲ್ಲಿ ಅಗಲ ಮಾಡುವ ಕೆಲಸ ಈಗಾಗಲೇ ಶುರುವಾಗಿದೆ.

ಊರಿನಲ್ಲಿ ಹೆಚ್ಚಿನವರಿಗೆ ಇದು ಬೇಡ. ಆದರೆ ಎಲ್ಲರೂ ಹೇಳುವುದು ಒಂದೇ: "ಸಾರ್ವಜನಿಕ ಅಹವಾಲು ಸಭೆ ಕರೆಯುತ್ತಾರಲ್ಲ, ಆಗ ಎದ್ದು ನಿಂತು ಹೇಳುವ." ಹಾಗೆ ಕಾಯುವುದು ಸರಿಯಾ? ಅರಣ್ಯ ಇಲಾಖೆಗೆ ಬರೆಯಬೇಕಾ, ಪಂಚಾಯತ್‌ಗಾ, ಜಿಲ್ಲಾಧಿಕಾರಿಗಾ? ಬರಿದೇ "ಪರಿಸರಕ್ಕೆ ಹಾನಿ" ಎಂದು ಬರೆದರೆ ಯಾರೂ ಓದುವುದಿಲ್ಲ ಎಂದು ಗೊತ್ತುಂಟು. ಎಂತ ಬರೆದರೆ ಕಡತದಲ್ಲಿ ಉಳಿಯುತ್ತದೆ?

ಕಡತದ_ಪುಟ

ಕಾಯಬೇಡಿ. ನೀವು ಹೇಳುವ ಅಹವಾಲು ಸಭೆ ಬರುವುದೇ ಇಲ್ಲ.

2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಕಟ್ಟಡಗಳು ಬರುವುದು 8(ಎ) ವಿಭಾಗದಲ್ಲಿ, ಅದೂ ಕಟ್ಟಿದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದ ಮೇಲೆ. ನಿಮ್ಮ ರೆಸಾರ್ಟಿನ ಲೆಕ್ಕ ಹಾಕಿ. 40 ವಿಲ್ಲಾಗಳಿಗೆ ತಲಾ 90 ಚ.ಮೀ. ಹಿಡಿದರೆ 3,600. ರೆಸ್ಟೋರೆಂಟು, ಸ್ಪಾ, ಅಡುಗೆಮನೆ, ಸಿಬ್ಬಂದಿ ಕೋಣೆ ಎಲ್ಲ ಸೇರಿ ಇನ್ನೊಂದು 2,500. ಒಟ್ಟು ಆರು ಸಾವಿರದ ಆಸುಪಾಸು. ಪರಿಸರ ಅನುಮತಿ ಎನ್ನುವ ಮಾತೇ ಏಳುವುದಿಲ್ಲ. 20,000 ದಾಟಿದ್ದರೂ 8(ಎ) ಕಟ್ಟಡಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ಇದೆ. ದೊಡ್ಡ ಕಾರ್ಖಾನೆಗಳಿಗೆ ನಡೆದ ಸಭೆಗಳನ್ನು ನೋಡಿ ಎಲ್ಲದಕ್ಕೂ ಹಾಗೇ ನಡೆಯುತ್ತದೆ ಎಂದು ನಮ್ಮ ಜಿಲ್ಲೆಯ ಜನ ತಿಳಿದಿದ್ದಾರೆ. ಅಷ್ಟರಲ್ಲಿ ಇಲ್ಲಿ ಪಾಯ ಎದ್ದಿರುತ್ತದೆ.

ರೆಸಾರ್ಟ್ ನಿಜವಾಗಿ ದಾಟಬೇಕಾದ ಬಾಗಿಲುಗಳು ಬೇರೆ, ಎಲ್ಲವೂ ಸದ್ದಿಲ್ಲದೆ ತೆರೆಯುವಂಥವು. ಮೊದಲನೆಯದು ಭೂ ಪರಿವರ್ತನೆ: ಭೂ ಕಂದಾಯ ಕಾಯ್ದೆ 1964ರ 95ನೇ ಕಲಂ, ಜಿಲ್ಲಾಧಿಕಾರಿಯ ಆದೇಶ. ಇಲ್ಲೊಂದು ಅಪಾಯ ಉಂಟು. ನಿಗದಿತ ಅವಧಿಯಲ್ಲಿ ತೀರ್ಮಾನ ಹೇಳದಿದ್ದರೆ ಅನುಮತಿ ಸಿಕ್ಕಿತು ಎಂದೇ ಭಾವಿಸುವ ಅಂಶ ಆ ಕಲಮಿನಲ್ಲೇ ಇದೆ. ಆದ್ದರಿಂದ ನಿಮ್ಮ ಆಕ್ಷೇಪಣೆ ಕಡತಕ್ಕೆ ಬೇಗ ಸೇರಬೇಕು. ಆಮೇಲೆ ಪಂಚಾಯತಿನ ಕಟ್ಟಡ ಪರವಾನಗಿ, ಅಂದರೆ ಪಂಚಾಯತ್ ರಾಜ್ ಕಾಯ್ದೆ 1993ರ 64ನೇ ಕಲಂ. ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಸಮ್ಮತಿ, ಜಲ ಕಾಯ್ದೆ 1974 ಮತ್ತು ವಾಯು ಕಾಯ್ದೆ 1981ರ ಅಡಿ. ಇದನ್ನು ಕಟ್ಟುವ ಮೊದಲೇ ಪಡೆಯಬೇಕು, ಕಟ್ಟಿದ ಮೇಲೆ ಅಲ್ಲ. ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯ ಅನುಮತಿ. ವಿದ್ಯುತ್ ಕಂಪನಿ ಮೆಸ್ಕಾಂನ ಹೈ ಟೆನ್ಷನ್ ಸಂಪರ್ಕ. ತಂತಿ ಕಾಡಿನ ಮೇಲೆ ಹಾದು ಹೋಗುವುದಾದರೆ ಅದಕ್ಕೆ ಬೇರೆಯೇ ಅರಣ್ಯ ಅನುಮತಿ ಬೇಕು.

ಈ ವಾರವೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ, 10 ರೂಪಾಯಿಯ ಪೋಸ್ಟಲ್ ಆರ್ಡರ್. ನಾಲ್ಕು ಕಚೇರಿಗೆ ನಾಲ್ಕು ಬೇರೆ ಬೇರೆ ಅರ್ಜಿ ಕೊಡಿ. ಎಲ್ಲವನ್ನೂ ಒಂದರಲ್ಲಿ ತುಂಬಿಸಿದರೆ "ಒಂದಕ್ಕಿಂತ ಹೆಚ್ಚು ವಿಷಯ" ಎಂಬ ಹಿಂಬರಹ ಬರುತ್ತದೆ, ಒಂದು ತಿಂಗಳು ಹೋಯಿತು. "ಯಾಕೆ ಅನುಮತಿ ಕೊಟ್ಟಿರಿ" ಎಂದು ಕೇಳಬೇಡಿ, ಕಾರಣ ಕೇಳಿದರೆ ಅದು ಮಾಹಿತಿ ಅಲ್ಲ ಎನ್ನುತ್ತಾರೆ. "ಇಂಥ ಸರ್ವೆ ನಂಬ್ರಕ್ಕೆ ಸಂಬಂಧಿಸಿದ ಕಡತದ ಎಲ್ಲ ಪುಟಗಳ, ಟಿಪ್ಪಣಿ ಹಾಳೆ ಸಹಿತ, ದೃಢೀಕೃತ ನಕಲು" ಎಂದು ಬರೆಯಿರಿ. ನಿಜವಾದ ಕಥೆ ಇರುವುದು ಟಿಪ್ಪಣಿ ಹಾಳೆಯಲ್ಲಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ ನಂತರದ 30 ದಿನಗಳ ಒಳಗೆ ಮೊದಲ ಮೇಲ್ಮನವಿ.

ಗಡಿಕಲ್ಲು

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಅದಕ್ಕೂ ಮೊದಲು ಜಾಗ ಯಾವುದು ಎಂಬುದು ಇತ್ಯರ್ಥ ಆಗಬೇಕು. ಇಂಥ ಹೆಚ್ಚಿನ ಯೋಜನೆಗಳ ಪ್ರಾಣ ಇರುವುದು ನಕ್ಷೆಯಲ್ಲಿ.

ಕುಮ್ಕಿ ವಿಷಯದಿಂದ ಶುರು ಮಾಡುವ. ಕುಮ್ಕಿ ಸರಕಾರಿ ಜಾಗ. ಪಕ್ಕದ ವರ್ಗದಾರನಿಗೆ ಅಲ್ಲಿಂದ ಸೊಪ್ಪು, ಹುಲ್ಲು, ಕೃಷಿಗೆ ಮತ್ತು ಮನೆಗೆ ಬೇಕಾದ ಕಟ್ಟಿಗೆ ತೆಗೆಯುವ ಸವಲತ್ತು ಉಂಟು, ಅಷ್ಟೇ. ಭೂ ಕಂದಾಯ ಕಾಯ್ದೆಯ 79(2) ಉಳಿಸಿಕೊಟ್ಟದ್ದು ಆ ಸವಲತ್ತನ್ನು ಮಾತ್ರ, ಮಾಲಕತ್ವವನ್ನಲ್ಲ. ಅದನ್ನು ಮಾರಲು ಬರುವುದಿಲ್ಲ, ಅದರ ಮೇಲೆ ವಿಲ್ಲಾ ಕಟ್ಟಲು ಬರುವುದಿಲ್ಲ. 12 ಎಕರೆಯ ಬೋರ್ಡಿನ ಫೋಟೊ ತೆಗೆದಿಡಿ. ನೋಂದಾಯಿತ ಕ್ರಯಪತ್ರದಲ್ಲಿ ಏಳು ಎಕರೆ ಇದ್ದರೆ, ಉಳಿದ ಐದರಲ್ಲಿ ಜೆಸಿಬಿ ಓಡಿದ್ದು ಸರಕಾರಿ ಜಾಗದ ಅತಿಕ್ರಮಣ. ತಹಶೀಲ್ದಾರರಿಗೆ ಪ್ರತ್ಯೇಕ ದೂರು ಕೊಡಿ. ಇದಕ್ಕೆ ವನ್ಯಜೀವಿ ವಾದವೇ ಬೇಡ, ಪಹಣಿ ಮತ್ತು ಸ್ಕೆಚ್ ಸಾಕು.

ದಿಶಾಂಕ್ ಆ್ಯಪ್‌ನಲ್ಲಿ ಜಾಗದ ಮೇಲೆ ನಿಂತರೆ ಸರ್ವೆ ನಂಬ್ರ ತೋರಿಸುತ್ತದೆ. ಪ್ರಾಥಮಿಕ ಅಂದಾಜಿಗೆ ಅಷ್ಟು ಸಾಕು. ಆದರೆ ದಟ್ಟ ಮರಗಳ ಅಡಿಯಲ್ಲಿ ಮೊಬೈಲಿನ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಆಚೀಚೆ ಹೋಗುವುದು ಸಾಮಾನ್ಯ. ಗಡಿಯ ವಿವಾದದಲ್ಲಿ ದಿಶಾಂಕ್ ಚಿತ್ರ ಕೊಟ್ಟರೆ ಎದುರು ಪಕ್ಷದ ವಕೀಲರು ಐದು ನಿಮಿಷದಲ್ಲಿ ಬೀಳಿಸುತ್ತಾರೆ. ನಿಮ್ಮ ಬೇಡಿಕೆ "ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆ" ಎಂದಿರಲಿ. ಎಡಿಎಲ್‌ಆರ್ (ಭೂದಾಖಲೆಗಳ ಸಹಾಯಕ ನಿರ್ದೇಶಕರ) ಕಚೇರಿಯ ಸರ್ವೆಯರ್, ವಲಯ ಅರಣ್ಯಾಧಿಕಾರಿ, ಗ್ರಾಮ ಆಡಳಿತಾಧಿಕಾರಿ ಮೂವರೂ ಸಹಿ ಮಾಡಿದ ಸ್ಕೆಚ್ ಆಗಬೇಕು. ಜಂಟಿ ಸರ್ವೆ ಮುಗಿಯುವ ತನಕ ಪರಿವರ್ತನೆ ಕಡತವನ್ನು ತಡೆಹಿಡಿಯಿರಿ ಎಂಬ ಕೋರಿಕೆ ಕಾನೂನಿಗೆ ಒಪ್ಪುವಂಥದ್ದು, ಅಧಿಕಾರಿಗೂ ಸುಲಭ.

ಇನ್ನೊಂದು ಮುಖ್ಯ ಸಂಗತಿ: ಯಾವ ಗಡಿ? ಸೋಮೇಶ್ವರ 1974ರಲ್ಲಿ ಅಭಯಾರಣ್ಯ ಆದಾಗ ಸುಮಾರು 88 ಚ.ಕಿ.ಮೀ. ಇತ್ತು. 2011ರ ವಿಸ್ತರಣೆಯ ನಂತರ ಅದು 314 ಚ.ಕಿ.ಮೀ. ಹಳೆಯ ನಕ್ಷೆ ಹಿಡಿದು "ನಮ್ಮ ಜಾಗ ಅಭಯಾರಣ್ಯದಿಂದ ಆರು ಕಿಲೋಮೀಟರ್ ದೂರ" ಎಂದು ಬರೆದುಕೊಡಲು ಬರುತ್ತದೆ. ಕಾರ್ಕಳದಲ್ಲಿರುವ ಕುದುರೆಮುಖ ವನ್ಯಜೀವಿ ವಿಭಾಗದ ಕಚೇರಿಯಿಂದ ವಿಸ್ತರಣೆಯ ಅಧಿಸೂಚನೆ ಮತ್ತು ಅದರ ಗಡಿ ವಿವರಣೆಯ ನಕಲು ಪಡೆಯಿರಿ. ಮೂಕಾಂಬಿಕಾ ಅಭಯಾರಣ್ಯದ ಬದಿಯವರಿಗೂ ಇದೇ ಮಾತು. ಅದು ಸಹ 247ರಿಂದ 370 ಚ.ಕಿ.ಮೀ.ಗೆ ಹೋಗಿದೆ. ಮತ್ತೆ ದೂರ ಅಳೆಯುವುದು ನೇರ ಗೆರೆಯಲ್ಲಿ. ರಸ್ತೆಯ ಕಿಲೋಮೀಟರ್ ತೋರಿಸಿದರೆ ಒಪ್ಪಬೇಡಿ. ಘಟ್ಟದ ತಪ್ಪಲಿನಲ್ಲಿ ನೇರ ಗೆರೆಯ 700 ಮೀಟರ್ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಆಗುತ್ತದೆ.

ವಲಯ_ಒಂದು

ಕಾನೂನಿನ ಭಾಗ ನಾನು ಸೇರಿಸುತ್ತೇನೆ. ಒಳಗೆ, ಅಂಚು, ಹೊರಗೆ, ಈ ಮೂರಕ್ಕೂ ಕಾನೂನು ಬೇರೆ ಬೇರೆ. ಇವನ್ನು ಕಲಸಿದರೆ ಅರ್ಜಿ ಸೋಲುತ್ತದೆ.

ಅಭಯಾರಣ್ಯದ ಒಳಗೆ: ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 33ನೇ ಕಲಂ. ವಾಣಿಜ್ಯ ಉದ್ದೇಶದ ಪ್ರವಾಸಿ ವಸತಿ, ಹೋಟೆಲು, ಸಫಾರಿ ಪಾರ್ಕು ಯಾವುದನ್ನೂ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಪೂರ್ವಾನುಮತಿ ಇಲ್ಲದೆ ಕಟ್ಟುವಂತಿಲ್ಲ. 2022ರ ತಿದ್ದುಪಡಿಯಲ್ಲಿ ಸರಕಾರಿ ವಸತಿಗೃಹವನ್ನೂ ಹೆಸರು ಹೇಳಿ ಸೇರಿಸಿದ್ದಾರೆ. ಆದ್ದರಿಂದ "ಇದು ಪ್ರವಾಸೋದ್ಯಮ ಇಲಾಖೆಯದ್ದೇ, ನಾವು ನಡೆಸುವುದು ಮಾತ್ರ" ಎಂಬ ಮಾತು ನಿಲ್ಲುವುದಿಲ್ಲ.

ಇಷ್ಟೇ ಮುಖ್ಯವಾದದ್ದು 29ನೇ ಕಲಂ, ಇದನ್ನು ಜನ ಮರೆಯುತ್ತಾರೆ. ಅಭಯಾರಣ್ಯದ ಒಳಗೆ ಬರುವ ಅಥವಾ ಅಲ್ಲಿಂದ ಹೊರಗೆ ಹರಿಯುವ ನೀರನ್ನು ತಿರುಗಿಸುವುದು, ನಿಲ್ಲಿಸುವುದು, ಹೆಚ್ಚಿಸುವುದು ನಿಷೇಧ. ವನ್ಯಜೀವಿಗಳ ಒಳಿತಿಗೆ ಬೇಕಾದ್ದು ಎಂದು ಸರಕಾರಕ್ಕೆ ಮನವರಿಕೆ ಆದರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬಹುದು. ರೆಸಾರ್ಟಿನವರು ಮೇಲಿನ ಕಾಡಿನ ತೋಡಿಗೆ (ಹಳ್ಳಕ್ಕೆ) ಒಂದೂವರೆ ಇಂಚಿನ ಕಪ್ಪು ಪೈಪು ಹಾಕಿದರೂ ಸಾಕು, ಅದು 29ರ ಉಲ್ಲಂಘನೆ. ಪೈಪಿನ ಬಾಯಿ ಎಲ್ಲಿದೆ ಎಂದು ನೋಡಿಡಿ.

ಅಂಚಿನಲ್ಲಿ: ಪರಿಸರ ಸೂಕ್ಷ್ಮ ವಲಯ. ಇದು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ ಕೇಂದ್ರದ ರಾಜ್ಯಪತ್ರದಲ್ಲಿ ಬರುತ್ತದೆ. ಈ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಇರುವ ವಾಕ್ಯದ ಸಾರ: ಸಂರಕ್ಷಿತ ಪ್ರದೇಶದ ಗಡಿಯಿಂದ 1 ಕಿ.ಮೀ. ಅಥವಾ ಸೂಕ್ಷ್ಮ ವಲಯದ ಅಂಚು, ಯಾವುದು ಹತ್ತಿರವೋ ಅಲ್ಲಿಯವರೆಗೆ, ಹೊಸ ವಾಣಿಜ್ಯ ಹೋಟೆಲು ಮತ್ತು ರೆಸಾರ್ಟು ಇಲ್ಲ. ಪರಿಸರ ಪ್ರವಾಸಕ್ಕೆ ಬೇಕಾದ ಸಣ್ಣ ತಾತ್ಕಾಲಿಕ ರಚನೆಗೆ ಮಾತ್ರ ವಿನಾಯಿತಿ. ಅದರಾಚೆಗೆ ಪ್ರವಾಸೋದ್ಯಮ ಯೋಜನೆಗೆ ಹೊಂದಿಕೆಯಾಗಿರಬೇಕು. ನಿಮ್ಮ ಅಭಯಾರಣ್ಯದ ಅಧಿಸೂಚನೆಯ ಅನುಬಂಧದಲ್ಲಿ ಗ್ರಾಮಗಳ ಹೆಸರು ಇರುತ್ತದೆ. ನಿಮ್ಮ ಗ್ರಾಮ ಅದರಲ್ಲಿ ಇದೆಯಾ, ಅಧಿಸೂಚನೆ ಕರಡೋ ಅಂತಿಮವೋ, ಎರಡನ್ನೂ ನೋಡಿ. ಕರಡು ಬಂದಾಗ ಆಕ್ಷೇಪಣೆಗೆ 60 ದಿನ ಸಿಗುತ್ತದೆ.

ಒಂದು ಎಚ್ಚರಿಕೆ. 2022ರ ಜೂನ್ 3ರಂದು ಸುಪ್ರೀಂ ಕೋರ್ಟ್ ಎಲ್ಲ ಸಂರಕ್ಷಿತ ಪ್ರದೇಶಗಳ ಸುತ್ತ ಕನಿಷ್ಠ 1 ಕಿ.ಮೀ. ವಲಯ ಕಡ್ಡಾಯ ಎಂದದ್ದು ನಿಜ. ಆದರೆ 2023ರ ಏಪ್ರಿಲ್ 26ರಂದು ಅದನ್ನು ಮಾರ್ಪಡಿಸಿ, ಕರಡು ಅಥವಾ ಅಂತಿಮ ಅಧಿಸೂಚನೆ ಬಂದಲ್ಲಿ ಆ ನಿರ್ದೇಶನ ಅನ್ವಯಿಸದು ಎಂದಿತು. ಈಗಲೂ ಎಷ್ಟೋ ಮನವಿಗಳು 2022ರ ಆದೇಶವನ್ನೇ ಹಿಡಿದು ಬರೆದಿರುತ್ತವೆ. ಎದುರಿನವರಿಗೆ ಅದೊಂದೇ ತಪ್ಪು ಸಾಕು.

ಯಾವ ನ್ಯಾಯಾಲಯ ಎಂಬ ಪ್ರಶ್ನೆ ಇನ್ನೂ ಬಂದಿಲ್ಲ, ಆದರೆ ಬರುತ್ತದೆ. ಹಸಿರು ನ್ಯಾಯಮಂಡಳಿಯ ಕಾಯ್ದೆಗೆ ಜೋಡಿಸಿದ ಪಟ್ಟಿಯಲ್ಲಿ ಜಲ, ವಾಯು, ಅರಣ್ಯ ಸಂರಕ್ಷಣೆ, ಪರಿಸರ ಸಂರಕ್ಷಣೆ, ಜೀವವೈವಿಧ್ಯ ಕಾಯ್ದೆಗಳು ಇವೆ. ವನ್ಯಜೀವಿ ಕಾಯ್ದೆ ಇಲ್ಲ! ಆದ್ದರಿಂದ ಸೂಕ್ಷ್ಮ ವಲಯದ ಉಲ್ಲಂಘನೆ, ಕೊಳಚೆ ನೀರು, ಅರಣ್ಯ ಭೂಮಿಯ ಬಳಕೆ, ಇವಕ್ಕೆ ಚೆನ್ನೈನ ದಕ್ಷಿಣ ವಲಯ ಪೀಠ. 29, 33ನೇ ಕಲಂಗಳ ಉಲ್ಲಂಘನೆಗೆ ಬೆಂಗಳೂರಿನ ಹೈಕೋರ್ಟ್‌ನಲ್ಲಿ ರಿಟ್. ನ್ಯಾಯಮಂಡಳಿಯಲ್ಲಿ 14ನೇ ಕಲಮಿನ ಅರ್ಜಿಗೆ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳು, ತಕ್ಕ ಕಾರಣ ಇದ್ದರೆ ಇನ್ನೂ 60 ದಿನ. ಮೊದಲು ಹುಟ್ಟಿದ ದಿನ ಎಂದರೆ ಜೆಸಿಬಿ ಮೊದಲು ಬಂದ ದಿನ, ಉದ್ಘಾಟನೆಯ ದಿನ ಅಲ್ಲ. ನಿಮ್ಮ ಲೆಕ್ಕ ಈಗಾಗಲೇ ಓಡುತ್ತಾ ಉಂಟು.

ತೋಡಿನ_ಬದಿ

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ, ಎಲ್ಲರಿಗೂ ಉಪಕಾರ. ಎರಡು ಹೊಸ ವಿಷಯ. ಒಂದು, 1 ಕಿ.ಮೀ. ಒಳಗಿನ ಭಾಗದಲ್ಲಿ ಅವರು "ವಿಲ್ಲಾ ಅಲ್ಲ, ಟೆಂಟು" ಎನ್ನಲು ಶುರು ಮಾಡಿದ್ದಾರೆ. ಎರಡು, ಉಳಿದದ್ದನ್ನು ಎಂಟು ಜನರ ಹೆಸರಿನಲ್ಲಿ ಎಂಟು ಹೋಂಸ್ಟೇ ಎಂದು ತೋರಿಸುತ್ತಾರಂತೆ.

ವಲಯ_ಒಂದು

ಟೆಂಟಿನ ಬಟ್ಟೆ ನೋಡಬೇಡಿ, ಅದರ ಬುಡ ನೋಡಿ. ಕಾಂಕ್ರೀಟ್ ಪ್ಲಿಂತ್, ಟೈಲ್ಸ್ ಹಾಕಿದ ಬಚ್ಚಲು, ನೆಲದಡಿಯಲ್ಲಿ ನೂರಾಹತ್ತು ಎಂಎಂ ಒಳಚರಂಡಿ ಪೈಪು, ಎ.ಸಿ.ಯ ಹೊರಘಟಕ ಇಡುವ ಕಟ್ಟೆ, ಇವಿದ್ದರೆ ಅದು ತಾತ್ಕಾಲಿಕ ಅಲ್ಲ. ತಾತ್ಕಾಲಿಕ ಎಂದರೆ ಮಳೆಗಾಲಕ್ಕೆ ಮೊದಲು ಬಿಚ್ಚಿ ಒಯ್ದರೆ ನೆಲ ಮೊದಲಿನ ಹಾಗೆ ಉಳಿಯಬೇಕು. ಪಾಯದ ಹೊಂಡ ತೋಡುವಾಗಿನ ಫೋಟೊ ಇಲ್ಲಿ ಬಂಗಾರ, ಮೇಲೆ ಬಟ್ಟೆ ಏರಿದ ಮೇಲೆ ಏನೂ ಕಾಣುವುದಿಲ್ಲ.

ಹೋಂಸ್ಟೇ ಎಂದರೆ ಮನೆಯವರು ವಾಸ ಇರುವ ಮನೆ, ಬೆರಳೆಣಿಕೆಯ ಕೋಣೆ. ಎಂಟು ಮನೆಗೆ ಒಂದೇ ಗೇಟು, ಒಂದೇ ಅಡುಗೆಮನೆ, ಒಂದೇ ಬುಕಿಂಗ್ ನಂಬ್ರ, ಒಂದೇ ಟ್ರಾನ್ಸ್‌ಫಾರ್ಮರ್ ಇದ್ದರೆ ಅದು ಒಂದೇ ರೆಸಾರ್ಟು. ಮೆಸ್ಕಾಂಗೆ ಕೊಟ್ಟ ಲೋಡ್ ಅರ್ಜಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಪಂಚಾಯತಿಗೆ "ಮನೆ" ಎಂದು ಬರೆದವರು ವಿದ್ಯುತ್ತಿಗೆ ಬರೆಯುವಾಗ ನಿಜವಾದ ಕಿಲೋವ್ಯಾಟ್ ಬರೆಯಲೇಬೇಕಾಗುತ್ತದೆ.

ಶೇಡಿ_ಮಣ್ಣು

ನೀರು ಮತ್ತು ಗುಡ್ಡದ ಲೆಕ್ಕ ಯಾರೂ ಹೇಳಲಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯುವಾಗ ಇದೇ ಮುಖ್ಯ.

ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ನಾಲ್ಕು ತಾರೆ ಮತ್ತು ಮೇಲಿನ ಹೋಟೆಲಿಗೆ ತಲೆಗೆ ದಿನಕ್ಕೆ 320 ಲೀಟರ್. 80 ಅತಿಥಿಗಳಿಗೆ 25,600. ಬಂದು ಹೋಗುವ 60 ಸಿಬ್ಬಂದಿಗೆ 45 ಲೀಟರಿನಂತೆ 2,700. ಮದುವೆಯ ಹುಲ್ಲುಹಾಸು 2,000 ಚ.ಮೀ. ಎಂದಿಟ್ಟುಕೊಂಡರೆ ಬೇಸಗೆಯಲ್ಲಿ ಚದರ ಮೀಟರಿಗೆ 5 ಲೀಟರಿನಂತೆ 10,000. ಇಷ್ಟಕ್ಕೇ 38,000 ದಾಟಿತು. 20 ಮೀ. ಉದ್ದ, 8 ಮೀ. ಅಗಲ, ಸರಾಸರಿ 1.4 ಮೀ. ಆಳದ ಕೊಳ ತುಂಬಲು 2.24 ಲಕ್ಷ ಲೀಟರ್ ಬೇರೆ, ಮತ್ತೆ ಆವಿಯಾದದ್ದನ್ನು, ಫಿಲ್ಟರ್ ತೊಳೆದದ್ದನ್ನು ದಿನವೂ ತುಂಬಿಸುತ್ತಿರಬೇಕು.

ಇದನ್ನು ನಿಮ್ಮ ತೋಡಿನ ನೀರಿನ ಪಕ್ಕದಲ್ಲಿಟ್ಟು ನೋಡಿ. ಏಪ್ರಿಲ್ ಕೊನೆಯಲ್ಲಿ, ಬೇಸಗೆ ಮಳೆ ಬೀಳುವ ಮೊದಲು, ತೋಡು ಸಪೂರ ಆಗುವ ಜಾಗದಲ್ಲಿ ಕಲ್ಲು ಮಣ್ಣು ಕಟ್ಟಿ ಎಲ್ಲ ನೀರೂ ಒಂದು ಅಡಿಕೆ ದಂಬೆಯಲ್ಲಿ (ಸೀಳಿ ತೋಡಿದ ಅಡಿಕೆ ಮರದಲ್ಲಿ) ಬೀಳುವ ಹಾಗೆ ಮಾಡಿ. ಕೆಳಗೆ 20 ಲೀಟರಿನ ಬಕೆಟ್ ಇಟ್ಟು ತುಂಬಲು ಎಷ್ಟು ಸೆಕೆಂಡು ಎಂದು ನೋಡಿ. ಐದು ಸಲ ಅಳೆದು ಸರಾಸರಿ ತೆಗೆಯಿರಿ. 20 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ಒಂದು ಲೀಟರ್, ದಿನಕ್ಕೆ 86,400. ಅಂದರೆ ರೆಸಾರ್ಟಿಗೆ ಬೇಕಾದದ್ದು ಆ ತೋಡಿನ ಹತ್ತಿರ ಹತ್ತಿರ ಅರ್ಧ. ಅಳತೆ ಮುಗಿದ ಕೂಡಲೇ ಕಟ್ಟ ಬಿಚ್ಚಿಬಿಡಿ. ಅಭಯಾರಣ್ಯದ ಗಡಿಯ ಒಳಗೆ ಈ ಕೆಲಸ ಮಾಡಬೇಡಿ, ಹೊರಗೆ ಮಾತ್ರ. "ನಾವು ತೋಡು ಮುಟ್ಟುವುದಿಲ್ಲ, ಕೊಳವೆಬಾವಿ" ಎಂದರೆ, ತೋಡಿನ ಪಕ್ಕ ಕೊರೆದ ಬಾವಿ ಬೇಸಗೆಯಲ್ಲಿ ತೋಡಿಗೆ ಒಸರುವ ನೀರನ್ನೇ ಮೊದಲೇ ಎಳೆಯುವುದು. ಕೆಳಗಿನ ಅಡಿಕೆ ತೋಟಗಳ ಕೆರೆ, ಮದಗಗಳ ಮಟ್ಟವನ್ನೂ ಅದೇ ವಾರ ಅಳೆದು ಬರೆದಿಡಿ.

ಕೊಳಚೆ ನೀರು ಶುದ್ಧೀಕರಣ ಘಟಕ ಹಾಕುತ್ತೇವೆ ಎನ್ನುತ್ತಾರೆ. ಘಟಕ ಎಂದರೆ ಒಳಗೆ ಬದುಕಿರುವ ಸೂಕ್ಷ್ಮಜೀವಿಗಳು. ಅವಕ್ಕೆ ದಿನವೂ ಒಂದೇ ಪ್ರಮಾಣದ ಆಹಾರ ಬೇಕು, ಬ್ಲೋವರಿನ ಗಾಳಿ ಬೇಕು. ಘಟ್ಟದ ಬುಡದ ರೆಸಾರ್ಟಿನಲ್ಲಿ ಸೋಮವಾರದಿಂದ ಗುರುವಾರ ಖಾಲಿ, ಶನಿವಾರ ಭರ್ತಿ, ಜೂನ್‌ನಿಂದ ಸೆಪ್ಟೆಂಬರ್ ಹೆಚ್ಚುಕಡಿಮೆ ಖಾಲಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಎರಡು ಮೂರು ದಿನ ಬರುವುದಿಲ್ಲ. ಗಾಳಿ ನಿಂತ ಘಟಕದಲ್ಲಿ ಜೀವಿಗಳು ಸಾಯುತ್ತವೆ, ಮತ್ತೆ ಬೆಳೆಯಲು ಎರಡು ಮೂರು ವಾರ ಬೇಕು. ಆ ವಾರಗಳಲ್ಲಿ ಹೊರಗೆ ಬರುವುದು ಹೆಸರಿಗೆ ಶುದ್ಧ, ನಿಜಕ್ಕೆ ಕೊಳಚೆ. ಅದನ್ನು ಇಂಗುಗುಂಡಿಗೆ ಬಿಟ್ಟರೆ ನಮ್ಮ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಜರಡಿ ಇದ್ದ ಹಾಗೆ, ತೂತುಗಳಲ್ಲಿ ಇಳಿದು ಕೆಳಗಿನ ಒರತೆಯಲ್ಲಿ ಎದ್ದು ಬರುತ್ತದೆ. ಆದ್ದರಿಂದ ಮಂಡಳಿಗೆ ಬರೆಯುವಾಗ "ಘಟಕ ಬೇಕು" ಎನ್ನಬೇಡಿ. ಖಾಲಿ ಇರುವ ತಿಂಗಳಲ್ಲಿ ಘಟಕ ಹೇಗೆ ನಡೆಯುತ್ತದೆ, ಕೆಸರು ಎಲ್ಲಿಗೆ ಹೋಗುತ್ತದೆ, ಮಳೆಗಾಲದಲ್ಲಿ ತೋಟಕ್ಕೆ ನೀರೇ ಬೇಡದಾಗ ಸಂಸ್ಕರಿಸಿದ 24,000 ಲೀಟರನ್ನು ದಿನವೂ ಎಲ್ಲಿ ಬಿಡುತ್ತಾರೆ, ಇಷ್ಟಕ್ಕೆ ಉತ್ತರ ಕೇಳಿ. ಮೂರನೆಯದಕ್ಕೆ ಘಟ್ಟದ ಬುಡದಲ್ಲಿ ಒಳ್ಳೆಯ ಉತ್ತರ ಇಲ್ಲ.

ಇನ್ನು ಗುಡ್ಡ ಕಡಿದದ್ದು. ಕಡಿದ ಗೋಡೆಯನ್ನು ಹತ್ತಿರ ಹೋಗಿ ನೋಡಿ, ಆದರೆ ಮಳೆಯಲ್ಲಿ ಅದರ ಬುಡದಲ್ಲಿ ನಿಲ್ಲಬೇಡಿ. ಮೇಲೆ ಎರಡು ಮೂರು ಮೀಟರ್ ಕೆಂಪು ಮುರಕಲ್ಲು, ಗಟ್ಟಿ. ಅದರ ಅಡಿಯಲ್ಲಿ ಬಿಳಿ, ಗುಲಾಬಿ, ಹಳದಿ ಪಟ್ಟೆಗಳ ಶೇಡಿ ಮಣ್ಣು. ಒಣಗಿದ್ದಾಗ ಉಗುರಿನಲ್ಲಿ ಗೀರಲು ಬರುತ್ತದೆ, ನೀರು ಕುಡಿದಾಗ ಬೆಣ್ಣೆ. ಮುರಕಲ್ಲಿನಲ್ಲಿ ಇಳಿದ ಮಳೆನೀರು ಶೇಡಿಯ ಮೇಲೆ ನಿಲ್ಲುತ್ತದೆ, ಎದುರಿನ ಆಧಾರ ಕಡಿದದ್ದರಿಂದ ಮೇಲಿನ ಇಡೀ ಹೊರೆ ಜಾರುತ್ತದೆ. ಆಗುಂಬೆಯ ಬುಡದಲ್ಲಿ ಆಟಿ (ಆಷಾಢ) ತಿಂಗಳಿನ ಮಳೆ ಎಂದರೆ ಏನು ಎಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ನೀರು ಹೊರಗೆ ಬರಲು ತೂತು ಬಿಡದೆ ಕಟ್ಟಿದ ತಡೆಗೋಡೆ ಇನ್ನೂ ಅಪಾಯ, ಅದು ಅಣೆಕಟ್ಟಿನ ಹಾಗೆ ನೀರು ಹಿಡಿದು ಒಮ್ಮೆಲೇ ಬೀಳುತ್ತದೆ. ಶೇಡಿ ಕಂಡಿದ್ದರೆ ಫೋಟೊ ಸಮೇತ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಒಂದು ಪ್ರತಿ ಕಳುಹಿಸಿ. ಕಡಿದ ಮಣ್ಣನ್ನು ಎಲ್ಲಿ ಸುರಿದಿದ್ದಾರೆ ಎಂದು ನೋಡಿ, ತೋಡಿನ ಬದಿಗೆ ಸುರಿದಿದ್ದರೆ ಅದು ಇನ್ನೊಂದು ದೂರು.

ಪೇಟೆ_ರಸ್ತೆ

ಎಲ್ಲ ಸರಿ ಮಾರಾಯ್ರೆ, ಆದರೆ ಊರಿನ ಹುಡುಗರು ಬೆಂಗಳೂರಿಗೆ ಹೋಗುವುದು ಯಾಕೆ? ಕೆಲಸ ಇಲ್ಲ ಎಂದು. ರೆಸಾರ್ಟ್ ಬಂದರೆ ನಾಲ್ಕು ಜನಕ್ಕೆ ಸಂಬಳ ಸಿಗುತ್ತದೆ. ಕಾಡು ನೋಡಲು ಜನ ಬಂದರೆ ಕಾಡಿನ ಬೆಲೆಯೂ ಗೊತ್ತಾಗುತ್ತದೆ. ಎಲ್ಲದಕ್ಕೂ ವಿರೋಧ ಮಾಡಿದರೆ ಹೇಗೆ?

ಮಂಗಟ್ಟೆ

ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಕೆಲಸ ಬೇಕು. ಆದರೆ ಪ್ರವಾಸಿ ರಾತ್ರಿ ಮಲಗುವುದು ಹೆಬ್ರಿಯಲ್ಲೋ ಕಾರ್ಕಳದಲ್ಲೋ ಉಡುಪಿಯಲ್ಲೋ ಆದರೂ ಅದೇ ಸಂಬಳ ಹುಟ್ಟುತ್ತದೆ. ಉಡುಪಿಯಿಂದ ಹೆಬ್ರಿಗೆ ಒಂದು ಗಂಟೆಯ ದಾರಿ. ಬೆಳಿಗ್ಗೆ ಬಂದು, ಊರಿನ ಮಾರ್ಗದರ್ಶಿಯ ಜೊತೆ ನಡೆದು, ಊರಿನ ಮನೆಯಲ್ಲಿ ಊಟ ಮಾಡಿ, ಸಂಜೆ ವಾಪಸು ಹೋದರೆ ದುಡ್ಡು ನೇರ ಊರಿಗೆ. ನಾವು ವಿರೋಧಿಸುವುದು ಕಾಡಿನ ಗಡಿಕಲ್ಲಿನ ಬುಡದಲ್ಲಿ ರಾತ್ರಿಯಿಡೀ ಬೆಳಕು, ಸದ್ದು, ಜನರೇಟರ್ ಇರುವ ವಸತಿಯನ್ನು.

ಅದು ಯಾಕೆ ಎಂದರೆ, ಪ್ರವಾಸದ ಋತು ಮತ್ತು ಕಾಡಿನ ಸೂಕ್ಷ್ಮ ಋತು ಎರಡೂ ಒಂದೇ. ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಗೂಡು ಕಟ್ಟುವುದು ಬೇಸಗೆಯಲ್ಲಿ. ಹೆಣ್ಣು ದೊಡ್ಡ ಮರದ ಪೊಟರೆಯ ಒಳಗೆ ಹೋಗಿ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ, ಕೊಕ್ಕಿನ ಅಗಲದ ಒಂದು ಸೀಳು ಮಾತ್ರ ಉಳಿಯುತ್ತದೆ. ವಾರಗಟ್ಟಲೆ ಗಂಡು ತಂದ ಹಣ್ಣೇ ಅದರ ಜೀವ. ಕೆಳಗೆ ಜನ ಓಡಾಡಿದರೆ ಗಂಡು ಗೂಡಿಗೆ ಬರದೆ ದೂರದ ಕೊಂಬೆಯಲ್ಲೇ ಕೂರುತ್ತದೆ, ಒಳಗಿದ್ದದ್ದು ಉಪವಾಸ. ಮಿಂಚುಹುಳಗಳ ಜೋಡಿ ಹುಡುಕಾಟ ಮೇ ಕೊನೆ, ಜೂನ್ ಮೊದಲ ವಾರ. ಮಿನುಗಿಗೆ ಮಿನುಗು ಉತ್ತರ, ಬಿಳಿ ಎಲ್‌ಇಡಿ ದೀಪದ ಎದುರು ಅದು ಕಾಣುವುದೇ ಇಲ್ಲ. ಅಡುಗೆಮನೆಯ ಎಂಜಲಿಗೆ ಮಂಗ, ಕಾಡುಹಂದಿ, ನಾಯಿ ಬರುತ್ತವೆ. ನಾಯಿಯ ಹಿಂದೆ ಚಿರತೆ ಬರುತ್ತದೆ. ಆಮೇಲೆ "ಚಿರತೆ ಹಾವಳಿ" ಎಂದು ಬೋನು ತರಿಸುತ್ತಾರೆ. ಸೋಮೇಶ್ವರ, ಕುದುರೆಮುಖ, ಆಗುಂಬೆ ಮೂರೂ 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಗೆ ಸೇರಿದ 39 ತಾಣಗಳ ಪಟ್ಟಿಯಲ್ಲಿವೆ, ಸೇರಿದ್ದು ಇಂಥ ಜೀವಗಳು ಇಲ್ಲಿ ಇರುವುದರಿಂದ.

ನ್ಯಾಯದ ಇನ್ನೊಂದು ಮುಖವೂ ಉಂಟು. ಕಾಡಿನ ಒಳಗಿನ ಮಲೆಕುಡಿಯ ಬುಡಕಟ್ಟಿನವರ ಮನೆಗೆ ರಸ್ತೆ, ಕರೆಂಟು ಕೇಳಿದರೆ ಅರಣ್ಯ ಕಾನೂನು ಅಡ್ಡ ಬರುತ್ತದೆ. ಅದೇ ಗಡಿಯಲ್ಲಿ ದುಡ್ಡಿದ್ದವರಿಗೆ ಗಾಜಿನ ಗೋಡೆ ಎದ್ದರೆ ಆ ಕಾನೂನಿನ ಮೇಲೆ ಊರವರಿಗೆ ಗೌರವ ಎಲ್ಲಿಂದ ಉಳಿಯಬೇಕು? ನಿಮ್ಮ ಗ್ರಾಮದಲ್ಲಿ ಅರಣ್ಯ ಹಕ್ಕು ಕಾಯ್ದೆ 2006ರ ಗ್ರಾಮಸಭೆ ಇದ್ದರೆ, 5ನೇ ಕಲಮಿನ ಅಡಿ ಕಾಡು, ನೀರಿನ ಮೂಲ, ವನ್ಯಜೀವಿ ರಕ್ಷಿಸುವ ಅಧಿಕಾರ ಅದಕ್ಕಿದೆ. ನಿರ್ಣಯ ಮಾಡಿಸಿ, ಸರ್ವೆ ನಂಬ್ರ ಸಮೇತ.

ಕಟ್ಟಿದ ಮೇಲೆ ನೋಡುವ ಎಂದರೆ ಏನಾಗುತ್ತದೆ ಎಂಬುದಕ್ಕೆ ನೀಲಗಿರಿಯ ಸೀಗೂರು ಇದೆ. ಆನೆ ದಾರಿಯ ಅಧಿಸೂಚನೆ ಬಂದದ್ದು 2010ರಲ್ಲಿ. ಅಲ್ಲಿ ಎದ್ದಿದ್ದ ರೆಸಾರ್ಟುಗಳ ವಿರುದ್ಧ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿದದ್ದು 2020ರ ಅಕ್ಟೋಬರ್ 14ರಂದು. ಗೆದ್ದದ್ದು ದೊಡ್ಡದೇ, ಆದರೆ ನಡುವೆ ಹತ್ತು ವರ್ಷ. ಅಲ್ಲಿ ಕೆಲಸಕ್ಕೆ ಇದ್ದವರ ಪಾಡು ಏನು? ಹುಡುಗರ ಸಂಬಳದ ಚಿಂತೆ ಇರುವವರು ಇದನ್ನೂ ಯೋಚಿಸಬೇಕು.

ಕಡತದ_ಪುಟ

ಒಂದು ವಿಷಯ ಬಿಟ್ಟುಹೋಗಿತ್ತು. ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿಯಲ್ಲಿ, ನಿರ್ವಹಣಾ ಯೋಜನೆಯಲ್ಲಿ ಸೇರಿಸಿದ ಪರಿಸರ ಪ್ರವಾಸ ಸೌಲಭ್ಯವನ್ನು ಅರಣ್ಯೇತರ ಬಳಕೆ ಅಲ್ಲ ಎಂದಿದ್ದಾರೆ. ಅಂದರೆ ಮುಂದೆ ಇಂಥದ್ದು ಖಾಸಗಿ ಜಾಗದಲ್ಲಿ ಮಾತ್ರ ಅಲ್ಲ, ಅರಣ್ಯ ಜಾಗದಲ್ಲೇ ನಿರ್ವಹಣಾ ಯೋಜನೆಯ ಒಂದು ಸಾಲಿನ ಮೂಲಕ ಬರಬಹುದು. ಸೋಮೇಶ್ವರದ ಈಗಿನ ನಿರ್ವಹಣಾ ಯೋಜನೆಯ ಪ್ರವಾಸೋದ್ಯಮ ಅಧ್ಯಾಯವನ್ನು ಈಗಲೇ ಕೇಳಿ ಇಟ್ಟುಕೊಳ್ಳಿ. ಇದೇ ತಿದ್ದುಪಡಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 19ರ ಮಧ್ಯಂತರ ಆದೇಶದಲ್ಲಿ, ಅರಣ್ಯ ಎಂಬ ಪದಕ್ಕೆ 1996ರ ತೀರ್ಪಿನಲ್ಲಿ ಹೇಳಿದ ನಿಘಂಟಿನ ಅರ್ಥವನ್ನೇ ಪಾಲಿಸಬೇಕು ಎಂದಿದೆ. ನಿಮ್ಮ ಕುಮ್ಕಿಯಲ್ಲಿ ಮರ ದಟ್ಟವಾಗಿದ್ದರೆ ಈ ಆದೇಶ ನಿಮಗೆ ನೇರ ಉಪಯೋಗ.

ಆಕ್ಷೇಪಣೆಯ ಮಾದರಿ ಕೇಳಿದ್ದಿರಿ. ಎರಡು ಪುಟ ಮೀರಬೇಡಿ. ಮೊದಲ ಪ್ಯಾರಾ ಹೀಗಿರಲಿ:

"ಹೆಬ್ರಿ ತಾಲೂಕು, ____ ಗ್ರಾಮದ ಸರ್ವೆ ನಂಬ್ರ ____ರಲ್ಲಿ ವಾಣಿಜ್ಯ ವಸತಿ ಉದ್ದೇಶಕ್ಕೆ ಕೋರಿರುವ ಭೂ ಪರಿವರ್ತನೆಗೆ ಆಕ್ಷೇಪಣೆ. ಸದರಿ ಜಾಗವು ಸೋಮೇಶ್ವರ ಅಭಯಾರಣ್ಯದ ಅಧಿಸೂಚಿತ ಗಡಿಯಿಂದ ನೇರ ಅಂತರದಲ್ಲಿ ಸುಮಾರು ____ ಮೀಟರ್ ದೂರದಲ್ಲಿದೆ. ಹೊಂದಿಕೊಂಡಿರುವ ____ ಎಕರೆ ಕುಮ್ಕಿ ಸರಕಾರಿ ಭೂಮಿಯಲ್ಲಿ ದಿನಾಂಕ ____ರಿಂದ ಯಂತ್ರ ಬಳಸಿ ರಸ್ತೆ ಅಗಲಿಸಲಾಗಿದೆ. ಜಂಟಿ ಸರ್ವೆ ನಡೆಸಿ ಗಡಿ ಗುರುತಿಸುವವರೆಗೆ ಯಾವುದೇ ಅನುಮತಿ ನೀಡಬಾರದೆಂದೂ, ಈ ಆಕ್ಷೇಪಣೆಯ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇವೆ."

ಆಮೇಲೆ ನೀರಿನ ಅಳತೆ ಒಂದು ಪ್ಯಾರಾ, ಗುಡ್ಡದ ಮಣ್ಣು ಒಂದು ಪ್ಯಾರಾ. ಜಿಲ್ಲಾಧಿಕಾರಿ, ವನ್ಯಜೀವಿ ವಿಭಾಗದ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ), ತಹಶೀಲ್ದಾರ್, ಪಿಡಿಒ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ, ಐದೂ ಕಡೆಗೆ ಮೂಲ ಸಹಿಯ ಪ್ರತಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸ್ವೀಕೃತಿ ನಂಬ್ರ ಹಾಕಿಸಿಕೊಳ್ಳಿ. ಸಾಹೇಬರ ಕೈಗೆ ಕೊಟ್ಟು ಫೋಟೊ ತೆಗೆಸಿಕೊಂಡ ಮನವಿ ಪೇಪರಿನಲ್ಲಿ ಬರುತ್ತದೆ, ಕಡತದಲ್ಲಿ ಇರುವುದಿಲ್ಲ. ನೂರು ಜನರ ಸಹಿಗಿಂತ ಕೆಳಗಿನ ತೋಟಗಳ ಐದು ಜನ ತಮ್ಮ ಸರ್ವೆ ನಂಬ್ರ ಬರೆದು ಬೇರೆ ಬೇರೆ ಕೊಟ್ಟ ಐದು ಆಕ್ಷೇಪಣೆಗೆ ತೂಕ ಜಾಸ್ತಿ, ಯಾಕೆಂದರೆ ಅವರು ನೇರ ಬಾಧಿತರು.

ಗಡಿಕಲ್ಲು

ಫೋಟೊಗಳ ಬಗ್ಗೆ ಒಂದು ಮಾತು. ವಾಟ್ಸಾಪಿನಲ್ಲಿ ಕಳುಹಿಸಿದ ಫೋಟೊದಲ್ಲಿ ಜಾಗ, ಸಮಯದ ಮಾಹಿತಿ ಅಳಿಸಿಹೋಗುತ್ತದೆ. ಮೂಲ ಫೈಲನ್ನು ತೆಗೆದ ಮೊಬೈಲಿನಲ್ಲೇ ಉಳಿಸಿ, ಪೆನ್‌ಡ್ರೈವಿಗೆ ಕೇಬಲ್ ಮೂಲಕ ಒಂದು ನಕಲು ಮಾಡಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63(4)ರ ಪ್ರಮಾಣಪತ್ರ ಬೇಕು, ಅದಕ್ಕೆ ಫೋಟೊ ತೆಗೆದವರೇ ಸಹಿ ಹಾಕಬೇಕಾಗುತ್ತದೆ. ಯಾರು ಯಾವ ಮೊಬೈಲಿನಲ್ಲಿ ತೆಗೆದದ್ದು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಸೆಂಟಿನೆಲ್-2 ಉಪಗ್ರಹದ ಚಿತ್ರ ಉಚಿತ, 10 ಮೀಟರ್ ಸ್ಪಷ್ಟತೆ, ಐದು ದಿನಕ್ಕೊಮ್ಮೆ ಹೊಸದು. ಅಗಲ ಮಾಡಿದ ಕೆಂಪು ರಸ್ತೆ ಅದರಲ್ಲಿ ಕಾಣುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ ಬಿಟ್ಟರೆ ಏನೂ ಸಿಗುವುದಿಲ್ಲ, ಮಳೆ ಹಿಡಿಯುವ ಮೊದಲಿನ ಚಿತ್ರ ಈಗಲೇ ಇಳಿಸಿಕೊಳ್ಳಿ.

ತೋಡಿನ_ಬದಿ

ಪಹಣಿ ಮತ್ತು ಸ್ಕೆಚ್ ನಾಳೆ ತೆಗೆಸುತ್ತೇವೆ. ಕೆಳಗಿನ ತೋಟದ ಆರು ಮನೆಯವರು ಬೇರೆ ಬೇರೆ ಆಕ್ಷೇಪಣೆ ಕೊಡಲು ಒಪ್ಪಿದ್ದಾರೆ. ಜೆಸಿಬಿ ಬಂದ ದಿನಾಂಕ ಒಬ್ಬರ ಹಾಲಿನ ಸೊಸೈಟಿ ಪುಸ್ತಕದ ಬದಿಯಲ್ಲಿ ಬರೆದದ್ದು ಸಿಕ್ಕಿದೆ. ಆರು ತಿಂಗಳಿಗೆ ಇನ್ನು 71 ದಿನ ಉಂಟು.